ವಾಫಲಿನ ಹಿಟ್ಟೂ ಕೈಯ ಶಿಕ್ಷಣವೂ

ನಮ್ಮ ಶಾಲೆಯ ಗೃಹವಿಜ್ಞಾನದ ತರಗತಿಯನ್ನು ಕುರಿತು ಪೋಷಕರಲ್ಲಿ ಕೆಲವರು ಈಚೆಗೆ ಒಂದು ಪ್ರಶ್ನೆಯನ್ನು ಎತ್ತಿರುವರು. ಮನೆಗಳಿಗೆ ವಿದ್ಯುತ್ ಯಂತ್ರಗಳು ಬಂದಿರುವ ಈ ಕಾಲದಲ್ಲಿ ಹುಡುಗಿಯರು ವಾಫಲ್ ಮುಂತಾದ ತಿಂಡಿಗಳ ಹಿಟ್ಟನ್ನು ಕೈಯಿಂದಲೇ ಕಲಸುವುದೇತಕ್ಕೆ? ಯಂತ್ರಗಳನ್ನು ಕೊಳ್ಳಬಾರದೇ? ಇಲ್ಲವೇ ಆ ವೇಳೆಯನ್ನು ಪರೀಕ್ಷೆಯ ಪಾಠಗಳಿಗೆ ಕೊಡಬಾರದೇ? ಮಕ್ಕಳ ಹಿತಚಿಂತನೆಯಿಂದ ಹುಟ್ಟಿದ ಪ್ರಶ್ನೆಯಾದುದರಿಂದ ಇದಕ್ಕೆ ಸಮಾಧಾನ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಾವು ಯಂತ್ರದ್ವೇಷಿಗಳಲ್ಲ. ಒರಳುಕಲ್ಲಿನ ಮುಂದೆ ನಮ್ಮ ತಾಯಂದಿರು ಸವೆಸಿದ ಸಂಜೆಗಳನ್ನು ಬಲ್ಲವರಾರೂ ವಿದ್ಯುತ್ತಿನ ರುಬ್ಬುವ ಯಂತ್ರವನ್ನು ಹಳಿಯಲಾರರು. ಆದರೆ ಹೆಂಗಸರ ಶ್ರಮವನ್ನು ಇಳಿಸುವುದು ಯಂತ್ರವೊಂದೇ ಅಲ್ಲ. ತಿಳಿವಳಿಕೆಯೂ ಇಳಿಸುತ್ತದೆ, ಕೆಲವು ವೇಳೆ ಯಂತ್ರಕ್ಕಿಂತ ಬಹು ಮುಂಚೆಯೇ ಇಳಿಸುತ್ತದೆ. ಇದಕ್ಕೆ ವಾಫಲಿನ ಹಿಟ್ಟೇ ಒಳ್ಳೆಯ ನಿದರ್ಶನ.

ವಾಫಲ್ ಐರೋಪ್ಯರ ತಿಂಡಿ. ಉದ್ದ ಹಿಡಿಯ ಎರಡು ಕಬ್ಬಿಣದ ತಟ್ಟೆಗಳ ನಡುವೆ ಹಿಟ್ಟನ್ನಿಟ್ಟು ಬೆಂಕಿಯ ಮೇಲೆ ಬೇಯಿಸುವ ಪದ್ಧತಿಯು ಅಲ್ಲಿ ಮಧ್ಯಯುಗದಿಂದಲೂ ಇದ್ದಿತು. ಒಲೆಯ ಮೇಲೆ ಮಗುಚಬಹುದಾದ ವಾಫಲ್ ಕಾವಲಿಗೆ ಅಮೆರಿಕದ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಎಂಬವರು 1869ರಲ್ಲಿ ಪೇಟೆಂಟ್ ಪಡೆದರು. ಆಗಲೂ ಹಿಟ್ಟನ್ನು ಕಲಸುತ್ತಿದ್ದುದು ಕೈಯೇ.

ಆ ಕೈಯ ಕೆಲಸ ಹಿಂದೆ ಹಗುರವಾಗಿರಲಿಲ್ಲ. ಯೀಸ್ಟ್ ಹಾಕದ ತಿಂಡಿ ಉಬ್ಬಬೇಕಾದರೆ ಗಾಳಿಯನ್ನು ಕಡೆದು ಕಡೆದು ಸೇರಿಸಬೇಕಾಗಿದ್ದಿತು. ಇಂಗ್ಲೆಂಡಿನ ಹ್ಯಾನಾ ಗ್ಲಾಸ್ 1747ರಲ್ಲಿ ಪ್ರಕಟಿಸಿದ ಪಾಕಗ್ರಂಥವು ಒಂದು ಕೇಕಿಗೆ ಒಂದು ಗಂಟೆಯ ಹೊತ್ತು ಕಡೆಯಬೇಕೆಂದು ವಿಧಿಸುತ್ತದೆ. 1843ರಲ್ಲಿ ಬರ್ಮಿಂಗ್‌ಹ್ಯಾಮಿನ ಔಷಧವ್ಯಾಪಾರಿ ಆಲ್ಫ್ರೆಡ್ ಬರ್ಡ್, ಯೀಸ್ಟ್ ಒಗ್ಗದ ತನ್ನ ಪತ್ನಿಗಾಗಿ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದನು. ಒದ್ದೆಯಾದಾಗ ಅನಿಲವನ್ನು ಹೊರಗೆಡಹುವ ಆ ಪುಡಿಯು, ಮನೆಗಳಿಗೆ ವಿದ್ಯುತ್ ಯಂತ್ರ ಬರುವುದಕ್ಕೆ ಅರ್ಧ ಶತಮಾನಕ್ಕೂ ಮುಂಚೆಯೇ ತೋಳಿನ ನೋವನ್ನು ತಗ್ಗಿಸಿತು.

ನಮ್ಮ ತರಗತಿಯಲ್ಲಿ ಹುಡುಗಿಯರು ಮಾಡುವುದಿಷ್ಟೆ. 2 ಬಟ್ಟಲು ಮೈದಾ, 3 ಸಣ್ಣ ಚಮಚ ಬೇಕಿಂಗ್ ಪೌಡರ್, ಅರ್ಧ ಸಣ್ಣ ಚಮಚ ಉಪ್ಪು, 2 ದೊಡ್ಡ ಚಮಚ ಸಕ್ಕರೆ, ಇವುಗಳನ್ನು ಒಟ್ಟಿಗೆ ಜರಡಿ ಹಿಡಿಯುವರು. 2 ಮೊಟ್ಟೆಗಳ ಹಳದಿಯನ್ನು ಒಂದೂ ಮುಕ್ಕಾಲು ಬಟ್ಟಲು ಹಾಲಿನೊಡನೆಯೂ ಕರಗಿಸಿದ ಅರ್ಧ ಬಟ್ಟಲು ಬೆಣ್ಣೆಯೊಡನೆಯೂ ಕದಡಿ ಹಿಟ್ಟಿಗೆ ಸುರಿದು, ಒಣಹಿಟ್ಟು ಕಾಣದಂತಾದೊಡನೆ ಕೈ ನಿಲ್ಲಿಸುವರು. ಸಣ್ಣ ಗಂಟುಗಳು ಉಳಿದರೆ ಚಿಂತೆಯಿಲ್ಲ. ಮೊಟ್ಟೆಯ ಬಿಳಿಯನ್ನು ಎಣ್ಣೆಪಸೆಯಿಲ್ಲದ ಬೇರೆ ಪಾತ್ರೆಯಲ್ಲಿ ತಂತಿಯ ಕಡೆಗೋಲಿನಿಂದ ನೊರೆಗಟ್ಟುವವರೆಗೆ ಕಡೆದು, ಕಡೆಗೆ ಮೆಲ್ಲನೆ ಕೆಳಗಿನಿಂದ ಮೇಲಕ್ಕೆ ಮಗುಚುತ್ತ ಬೆರೆಸುವರು. ಕಾದ ಕಾವಲಿಯಲ್ಲಿ ಹಬೆ ಕಡಮೆಯಾಗುತ್ತ ಬಂದರೆ ವಾಫಲ್ ಬೆಂದಿತೆಂದು ತಿಳಿಯಬೇಕು.

ಇಲ್ಲಿ ನಮ್ಮ ಹುಡುಗಿಯರಿಗೆ ಒಂದು ತೊಡಕು ಬರುತ್ತದೆ. ಉದ್ದಿನ ಹಿಟ್ಟನ್ನು ಚೆನ್ನಾಗಿ ಬಡಿದಷ್ಟೂ ವಡೆ ಹಗುರವಾಗುವುದನ್ನು ಅವರು ಮನೆಯಲ್ಲಿ ಕಂಡಿರುವರು. ಅದೇ ಅಭ್ಯಾಸದಿಂದ ಮೈದಾವನ್ನೂ ಬಡಿಯಹೋಗುವರು. ವಾಫಲ್ ತೊಗಲಿನಂತೆ ಬಿರುಸಾಗುವುದು. ಕಾರಣವೇನು? ಗೋಧಿಯಲ್ಲಿರುವ ಎರಡು ಬಗೆಯ ಸಸಾರಜನಕಗಳು ನೀರು ತಾಗಿ ಕಲಸಿದಂತೆಲ್ಲ ಹೆಣೆದುಕೊಂಡು ಗ್ಲುಟೆನ್ ಎಂಬ ಜಿಗುಟು ಬಲೆಯಾಗುತ್ತವೆ. ಚಪಾತಿಗೆ ಆ ಬಲೆ ಬೇಕು, ವಾಫಲಿಗೆ ಬೇಡ. ಉದ್ದಿನಲ್ಲಿಯೂ ಅಕ್ಕಿಯಲ್ಲಿಯೂ ಗ್ಲುಟೆನ್ ಇಲ್ಲ. ಹೀಗೆ ಒಂದೊಂದು ಧಾನ್ಯವೂ ಒಂದೊಂದು ರೀತಿಯ ಕೈಯನ್ನು ಬೇಡುತ್ತದೆ. ಹಿಟ್ಟು ಬಿಗಿಯಾಗುತ್ತ ಬರುವುದು ಬೆರಳಿಗೆ ತಿಳಿಯುತ್ತದೆ. ಯಂತ್ರದ ಗುಂಡಿಯನ್ನೊತ್ತಿ ನಿಂತವಳಿಗೆ ತಿಳಿಯುವಷ್ಟರಲ್ಲಿ ಮೈದಾ ಕೆಟ್ಟಿರುತ್ತದೆ. ಮೊದಲು ಕೈಯಿಂದ ಕಲಿತವಳು ಮುಂದೆ ಯಂತ್ರವನ್ನೂ ಸಕಾಲದಲ್ಲಿ ನಿಲ್ಲಿಸಬಲ್ಲಳು.

ಪರೀಕ್ಷೆಯ ಮಾತಿಗೆ ಬರೋಣ. ಅನಿಲವೆಂದರೇನು, ಸಸಾರಜನಕವೆಂದರೇನು, ನೊರೆಯಲ್ಲಿ ಗಾಳಿ ಹೇಗೆ ನಿಲ್ಲುತ್ತದೆ, ಎಣ್ಣೆಪಸೆ ತಾಗಿದರೆ ಅದೇಕೆ ಕುಸಿಯುತ್ತದೆ, ಇವೆಲ್ಲವೂ ವಿಜ್ಞಾನದ ಪ್ರಶ್ನೆಗಳೇ. ಪುಸ್ತಕದಿಂದ ಉರುಹೊಡೆದ ಉತ್ತರವು ಪರೀಕ್ಷೆಯ ಮರುದಿನವೇ ಮರೆತುಹೋಗಬಹುದು. ತಾನೇ ಕೆಡಿಸಿ, ಕಾರಣವನ್ನು ಹುಡುಕಿ, ಮರುವಾರ ಸರಿಯಾಗಿ ಮಾಡಿದ ಹುಡುಗಿ ಅದನ್ನು ಮರೆಯಲಾರಳು. ಆದುದರಿಂದ ಈ ವೇಳೆಯನ್ನು ವಿಜ್ಞಾನದಿಂದ ಕಸಿದುಕೊಂಡ ವೇಳೆಯೆಂದು ಎಣಿಸಬಾರದೆಂದು ನಮ್ಮ ಬಿನ್ನಹ.

ಇನ್ನೊಂದು ಸಂಗತಿಯನ್ನೂ ಹೇಳಬೇಕಾಗಿದೆ. ನಮ್ಮಲ್ಲಿ ಓದುವ ಎಲ್ಲ ಮಕ್ಕಳ ಮನೆಗಳೂ ಒಂದೇ ಅನುಕೂಲದವಲ್ಲ. ಯಂತ್ರವಿಲ್ಲದೆ ಪಾಠವಿಲ್ಲವೆಂದಾದರೆ, ಯಂತ್ರವಿಲ್ಲದ ಮನೆಯ ಹುಡುಗಿ ಶಾಲೆಯಲ್ಲಿ ಕಲಿತುದನ್ನು ಮನೆಗೆ ಒಯ್ಯಲಾರಳು. ಒಂದು ಪಾತ್ರೆ, ಒಂದು ಮರದ ಸೌಟು, ಒಂದು ತಂತಿಯ ಕಡೆಗೋಲು ಇವುಗಳ ಮುಂದೆ ಎಲ್ಲರೂ ಸಮಾನರು.

ಹುಡುಗರಿಗೂ ಈ ವಿದ್ಯೆ ಬೇಡವೇ ಎಂದು ಯಾರಾದರೂ ಕೇಳಿದರೆ, ಖಂಡಿತವಾಗಿಯೂ ಬೇಕೆಂದು ಉತ್ತರಿಸುವೆವು. ತಂಗಿಯು ಮನೆಯಲ್ಲಿ ಕಲಸುವಾಗ ಅಣ್ಣನಿಗೂ ಒಂದು ಸೌಟನ್ನು ಕೊಡಿರಿ.

ಮುಂದಿನ ವರ್ಷದ ವೇಳಾಪಟ್ಟಿಯು ಇನ್ನೂ ನಿಶ್ಚಯವಾಗಿಲ್ಲ. ಪೋಷಕರು ದಯಮಾಡಿ ಒಂದು ದಿನ ತರಗತಿಗೆ ಬಂದು ನೋಡಿ ಆಮೇಲೆ ತೀರ್ಮಾನಿಸಲಿ. ಹಳೆಯ ವಿದ್ಯಾರ್ಥಿನಿಯರು, ಈ ತರಗತಿಯಲ್ಲಿ ಕಲಿತುದು ತಮಗೆ ಉಪಯೋಗಕ್ಕೆ ಬಂದಿತೋ ಇಲ್ಲವೋ ಎಂಬುದನ್ನು ಸಂಕೋಚವಿಲ್ಲದೆ ಬರೆದು ತಿಳಿಸಲಿ. ಎರಡು ಪಕ್ಷದ ಮಾತುಗಳನ್ನೂ ನಾವು ಆದರದಿಂದ ಕೇಳುವೆವು.