ಬಡ್ಡಿಗೆ ಬಡ್ಡಿ ಎನ್ನಿರಿ



ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಸೀಮೆಯ ತಾಯಂದಿರ ಬಳಿ ಸಂಘದ ಸಾಲ ತರುವವರ ಮಾತು ಕೇಳಿ ನೋಡಿರಿ. ಸಾಲ ಅವರಿಗೆ ‘ಪ್ರಾಡಕ್ಟ್’, ಸಾಲಗಾರ್ತಿ ‘ಕ್ಲೈಂಟ್’, ಇಡೀ ವ್ಯವಹಾರ ‘ಎಂಪವರ್‌ಮೆಂಟ್’. ‘ಜೆಎಲ್‌ಜಿ’ ಎಂದರೇನು? ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಹೀಗೆ ಬಿಡಿಸಿ ಹೇಳಿದರೆ ಹೆಬ್ಬೆಟ್ಟು ಒತ್ತುವ ಕೈ ಕ್ಷಣ ತಡೆದೀತು, ಅದಕ್ಕೇ ಹೇಳುವುದಿಲ್ಲ.

‘ಫ್ಲಾಟ್ ರೇಟ್’ ಇನ್ನೊಂದು ಮಾಯೆ. 10,000 ರೂಪಾಯಿಗೆ ಶೇ. 12ರಂತೆ ವರ್ಷಕ್ಕೆ 1,200 ಬಡ್ಡಿ. ತಿಂಗಳ ಕಂತಿನಲ್ಲಿ ಅಸಲು ಕರಗುತ್ತ ಬಂದರೂ ಬಡ್ಡಿ ಕರಗದು. ನಿಜವಾದ ದರ ಶೇ. 21 ದಾಟುತ್ತದೆ.

ಕಿರುಸಾಲದ ಕರಾರು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲೇ ವಿಧಿಸಿದೆ. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರಕಾರ 2025ರಲ್ಲಿ ಕಾನೂನು ತಂದಿದೆ. ಆದರೆ ಲಿಪಿ ಕನ್ನಡವಾದ ಮಾತ್ರಕ್ಕೆ ಮಾತು ತಿಳಿಯುವುದಿಲ್ಲ.

ಅನುಭಾವವನ್ನೇ ಸಂಸ್ಕೃತದ ಬೀಗದಿಂದ ಬಿಡಿಸಿ ಜನರ ಬಾಯಿಗೆ ಕೊಟ್ಟವರು 12ನೆಯ ಶತಮಾನದ ಶರಣರು. ಅವರ ಮಕ್ಕಳೆನ್ನುವ ನಾವು ಬಡ್ಡಿಯ ಮಂತ್ರಕ್ಕೆ ತಲೆಬಾಗುವುದೇ? ನಮ್ಮ ಸಮಾಜದವರು ನಡೆಸುವ ಸಹಕಾರಿ ಸಂಘಗಳೇ ಮೊದಲು ತಮ್ಮ ಕಾಗದ ತಿದ್ದಲಿ. ಮಠದ ಶಿವಾನುಭವ ಗೋಷ್ಠಿಯಲ್ಲಿ ಒಂದು ಕರಾರುಪತ್ರ ಓದಿಸಿರಿ, ಅರ್ಥ ಕೇಳಿರಿ. ತಿಳಿಯದ ಕಾಗದಕ್ಕೆ ಸಹಿ ಬೇಡ.