ಸದ್ದು ಮಾಡಿ ಸುಮ್ಮನಾಗುವ ಕಾರು

ಕಳೆದ ಪುಷ್ಯ ಮಾಸದಲ್ಲಿ ನಾವು ವಿಜಯಪುರದ ಸಮೀಪದ ಗ್ರಾಮವೊಂದರಲ್ಲಿ ಪರಿಚಿತರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿ, ಗೂಡನ್ನು ವಿಜಯಪುರದ ಮಾರುಕಟ್ಟೆಗೆ ಒಯ್ಯುವ ಕುಟುಂಬವದು. ಮನೆಯ ಹಿರಿಯ ತಾಯಿಯವರಿಗೆ ಮೂತ್ರಪಿಂಡದ ಕಾಯಿಲೆ; ವಾರಕ್ಕೆರಡು ಬಾರಿ ಡಯಾಲಿಸಿಸ್‌ಗಾಗಿ ಬೆಂಗಳೂರಿಗೆ ಕರೆದೊಯ್ಯಬೇಕು. ಅಂದು ಬೆಳಗಿನ ಐದು ಗಂಟೆಗೆ ತಾಯಿಯವರಿಗೆ ಶಾಲು ಹೊದಿಸಿ ಕಾರಿನಲ್ಲಿ ಕೂರಿಸಿ ಯಜಮಾನರು ಕೀಲಿ ತಿರುವಿದರು. 'ಟಕ್' ಎಂದು ಒಂದು ಸದ್ದಾಯಿತು. ಎಂಜಿನ್ ಮಾತ್ರ ಅಲುಗಲಿಲ್ಲ.

ಯಜಮಾನರ ಕೋಪವು ಕಾಲೇಜಿನಲ್ಲಿ ಓದುವ ಮಗನ ಕಡೆಗೆ ತಿರುಗಿತು. "ರಾತ್ರಿ ಮತ್ತೆ ದೀಪ ಆರಿಸದೇ ಬಿಟ್ಟಿದ್ದೀಯ!" ಹುಡುಗನು "ಇಲ್ಲ ಅಪ್ಪಾಜಿ" ಎಂದುದನ್ನು ಯಾರೂ ಕೇಳಲಿಲ್ಲ. ಮೂರು ವಾರಗಳ ಹಿಂದೆ ಇದೇ ತೊಂದರೆ ಬಂದಾಗಲೂ ಇದೇ ಆರೋಪ ಬಂದು, ಹೊಸ ಬ್ಯಾಟರಿ ಕೊಂಡದ್ದಾಗಿತ್ತು. ನಾವೂ ಸೇರಿ ನಾಲ್ವರು ಕಾರನ್ನು ತಳ್ಳಿದೆವು. ಎರಡನೆಯ ಗೇರಿನಲ್ಲಿ ಅದು ಚಾಲೂ ಆಯಿತು. ಆಸ್ಪತ್ರೆಯ ಅಂಗಳದಲ್ಲಿಯೂ ತಳ್ಳಿಸಿಕೊಂಡೇ ಅವರು ಸಂಜೆ ಹಿಂದಿರುಗಿದರು. ದಾರಿಯಲ್ಲಿ ಎಂಜಿನ್ ನಿಂತಿದ್ದರೆ ಆ ತಾಯಿಯವರ ಗತಿಯೇನು ಎಂಬ ಚಿಂತೆಯಿಂದ ನಮಗೆ ಮಧ್ಯಾಹ್ನದ ಊಟವೂ ರುಚಿಸಲಿಲ್ಲ.

ಸಂಜೆ ವಿಜಯಪುರದಿಂದ ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಂದರು. ಅವರು ಮೊದಲು ಮಾಡಿದ ಕೆಲಸವೆಂದರೆ ಕೇಳುವುದು. "ಯಜಮಾನ್ರೇ, ಕೀಲಿ ತಿರುವಿ. ಏನು ಸದ್ದು ಬರುತ್ತೆ ನೋಡೋಣ" ಎಂದರು. ಅಂದು ನಾವು ಅವರಿಂದ ಕಲಿತದ್ದನ್ನು ಕಾರಿರುವ ಮನೆಗಳವರೆಲ್ಲರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಬಾಲ್ಯದಲ್ಲಿ ಲಾರಿಯ ಮುಂಭಾಗಕ್ಕೆ ಹ್ಯಾಂಡಲ್ ಹಾಕಿ ಬೆವರಿಳಿಸಿ ತಿರುವುತ್ತಿದ್ದುದನ್ನು ಕಂಡಿದ್ದೇವೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬುವರು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಶ್ರಮವನ್ನು ಒಂದು ಮೋಟಾರು ವಹಿಸಿಕೊಂಡಿತು. ಕೀಲಿಯ ಮೂಲಕ ಹರಿಯುವುದು ಅಲ್ಪ ವಿದ್ಯುತ್ತು. ಅದು ಸೊಲೆನಾಯ್ಡ್ ಎಂಬ ಕಾಂತದ ಸಾಧನವನ್ನು ಎಳೆಯುತ್ತದೆ. ಸೊಲೆನಾಯ್ಡ್ ದೊಡ್ಡ ವಿದ್ಯುತ್ತಿನ ಬಾಗಿಲನ್ನು ತೆರೆಯುತ್ತದೆ. ಮೋಟಾರು ಎಂಜಿನ್ನನ್ನು ತಿರುಗಿಸುತ್ತದೆ. ನಮಗೆ ಕೇಳಿಸುವ 'ಟಕ್' ಆ ಸೊಲೆನಾಯ್ಡಿನದು. ಆದುದರಿಂದ ಸದ್ದು ಬಂದಿತೆಂದರೆ ಕೀಲಿಯ ಕಡೆಯ ಕೆಲಸವು ಬಹುಮಟ್ಟಿಗೆ ಸರಿಯಾಗಿದೆ, ತೊಡಕಿರುವುದು ದೊಡ್ಡ ವಿದ್ಯುತ್ತಿನ ಹಾದಿಯಲ್ಲಿ ಎಂದು ತಿಳಿಯಬೇಕು.

'ಟಿಕ್ ಟಿಕ್ ಟಿಕ್' ಎಂದು ಒಂದೇ ಸಮನೆ ಬಡಿದುಕೊಂಡರೆ ಬ್ಯಾಟರಿ ಬರಿದಾಗಿರುವ ಸಂಭವ ಹೆಚ್ಚು. ಅದರ ತುದಿಗಳು ಕಿಲುಬು ಹಿಡಿದಿದ್ದರೂ ಹೀಗಾಗುತ್ತದೆ. ಒಂದೇ ಒಂದು ಗಟ್ಟಿ ಸದ್ದು ಬಂದು ನಿಂತರೆ ದಪ್ಪ ತಂತಿಗಳ ಜೋಡಣೆಯನ್ನೂ ಸ್ಟಾರ್ಟರ್ ಮೋಟಾರನ್ನೂ ಸಂಶಯಿಸಬೇಕು. ಮುಂದೀಪ ಹೊತ್ತಿಸಿ ಕೀಲಿ ತಿರುವಿ ನೋಡುವುದು ಸುಲಭವಾದ ಪರೀಕ್ಷೆ. ದೀಪ ಮಂಕಾಗಿ ನಂದಿದಂತಾದರೆ ಬ್ಯಾಟರಿ ಅಥವಾ ಅದರ ತುದಿಗಳ ದೋಷ. ಬೆಳಕು ಕುಂದದೇ ಇದ್ದರೆ ದೋಷವು ಬೇರೆಡೆ ಇದೆ. ಮಲ್ಟಿಮೀಟರ್ ಇದ್ದವರಿಗೆ ಇನ್ನೂ ಅನುಕೂಲ: ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಅದು ಬರಿದಾಗಿದೆ.

ನಮ್ಮ ಯಜಮಾನರ ಕಾರಿನ ದೀಪ ಮಂಕಾಗಲಿಲ್ಲ, ಬ್ಯಾಟರಿಯೂ 12.5 ವೋಲ್ಟ್ ತೋರಿಸಿತು. ಆಗ ಎಲೆಕ್ಟ್ರಿಷಿಯನ್ನರು ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಮುಟ್ಟಿಸಿ ಕೀಲಿ ತಿರುವಿಸಿದರು. ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಐದಕ್ಕೂ ಹೆಚ್ಚು ಇತ್ತು. ಒಂದು ದಪ್ಪ ಕೇಬಲಿನಿಂದ ಆ ಎರಡು ಜಾಗಗಳನ್ನು ಸೇರಿಸಿದೊಡನೆ ಎಂಜಿನ್ ಒಂದೇ ತಿರುವಿಗೆ ಚಾಲೂ ಆಯಿತು! ಕಾರಿನ ಮೈಯಿಂದ ಎಂಜಿನ್ನಿಗೆ ಹೋಗುವ ಹೆಣೆದ ತಾಮ್ರದ ಅರ್ತ್ ಪಟ್ಟಿಯ ಬೋಲ್ಟಿನ ಕೆಳಗೆ ತುಕ್ಕು ಕೂತಿತ್ತು. ಅದನ್ನು ಬಿಚ್ಚಿ, ಮರಳು ಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿಮಾಡಿದರು. ಇಪ್ಪತ್ತು ನಿಮಿಷದ ಕೆಲಸ.

"ದೀಪ ಚೆನ್ನಾಗಿ ಉರಿಯುತ್ತಿತ್ತಲ್ಲ, ಮತ್ತೆ ಹೇಗೆ?" ಎಂದು ನಾವು ಕೇಳಿದೆವು. ದೀಪದ ವಿದ್ಯುತ್ತು ಆ ಪಟ್ಟಿಯನ್ನು ಹಾಯುವುದೇ ಇಲ್ಲ, ಹಾಯ್ದಿದ್ದರೂ ಸುಳಿವು ಸಿಗುತ್ತಿರಲಿಲ್ಲ ಎಂದರು. ಎರಡು ಮುಂದೀಪಗಳಿಗೆ ಬೇಕಾದದ್ದು ಸುಮಾರು 10 ಆಂಪಿಯರ್. ಸ್ಟಾರ್ಟರಿಗೆ 100ಕ್ಕೂ ಹೆಚ್ಚು. ತುಕ್ಕಿನ ತಡೆ ಒಂದು ಓಮಿನ ನೂರರಲ್ಲಿ ಐದು ಪಾಲಿನಷ್ಟೇ ಇದ್ದರೂ 100 ಆಂಪಿಯರ್ ಹರಿಯುವಾಗ ಐದು ವೋಲ್ಟನ್ನು ನುಂಗಿಬಿಡುತ್ತದೆ. 10 ಆಂಪಿಯರಿಗೆ ನುಂಗುವುದು ಅರ್ಧ ವೋಲ್ಟ್ ಮಾತ್ರ.

ಬ್ಯಾಟರಿಯ ತುದಿಗಳಲ್ಲಿ ಬಿಳಿ, ನೀಲಿ ಪುಡಿ ಕಂಡರೆ ಮನೆಯಲ್ಲಿಯೇ ಶುಚಿಗೊಳಿಸಬಹುದು. ಹತ್ತಿರ ಬೀಡಿ, ಬೆಂಕಿ ಸಲ್ಲದು. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಜಲಜನಕ ಅನಿಲ ಹೊರಬರುತ್ತದೆ. ಕೈಗವಸು, ಕನ್ನಡಕ ಧರಿಸಬೇಕು. ಕೀಲಿ ತೆಗೆದು, ಮೊದಲು ಋಣ ತುದಿಯನ್ನು ಬಿಚ್ಚಬೇಕು. ಧನ ತುದಿಯನ್ನು ಮೊದಲು ಬಿಚ್ಚುವಾಗ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೆ ಭಾರಿ ಕಿಡಿ ಹಾರುತ್ತದೆ. ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ, ಬ್ಯಾಟರಿಯ ಒಳಗೆ ಇಳಿಯದಂತೆ ಉಜ್ಜಿ, ಒರೆಸಿ ಒಣಗಿಸಬೇಕು. ಮರಳಿ ಹಾಕುವಾಗ ಧನ ಮೊದಲು, ಋಣ ಕೊನೆಗೆ. ಬಿಗಿಮಾಡಿದ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದರೆ ಕಿಲುಬು ಬೇಗ ಹಿಡಿಯದು. ಇಷ್ಟಾದರೂ ಸರಿಹೋಗದಿದ್ದರೆ ಸ್ಟಾರ್ಟರ್ ಮೋಟಾರನ್ನು ಬಲ್ಲವರಿಗೆ ತೋರಿಸಬೇಕು. ತಳ್ಳಿ ಓಡಿಸುವುದು ಆ ಹೊತ್ತಿನ ಉಪಾಯವೇ ಹೊರತು ಪರಿಹಾರವಲ್ಲ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರು ಬಹಳ ಹೊತ್ತು ಮೌನವಾಗಿದ್ದರು. ಕೊನೆಗೆ ಮಗನ ತಟ್ಟೆಯ ಕಡೆ ನೋಡುತ್ತ, "ಬ್ಯಾಟರಿದೂ ತಪ್ಪಲ್ಲ, ನಿಂದೂ ತಪ್ಪಲ್ಲ ಮಗಾ" ಎಂದರು. ಹುಡುಗನು ತಲೆಯೆತ್ತಲಿಲ್ಲ, ಆದರೆ ಇನ್ನೊಂದು ಮುದ್ದೆ ಹಾಕಿಸಿಕೊಂಡನು. ಮರುವಾರ ಬೆಳಗಿನ ಐದಕ್ಕೆ ಅಜ್ಜಿಯವರನ್ನು ಬೆಂಗಳೂರಿಗೆ ಕರೆದೊಯ್ದವನು ಅವನೇ ಎಂದು ಯಜಮಾನರು ದೂರವಾಣಿಯಲ್ಲಿ ತಿಳಿಸಿದರು. ಹಳೆಯ ಬ್ಯಾಟರಿಯನ್ನು ಪರೀಕ್ಷಿಸದೆಯೇ ಗುಜರಿಗೆ ಹಾಕಿದ್ದಕ್ಕೆ ಮಾತ್ರ ಅವರು ಇಂದಿಗೂ ಪೇಚಾಡುತ್ತಾರೆ.