ಒಲೆಗೆ ತಕ್ಕ ಉರಿ

ಮನೆಯ ಗ್ಯಾಸ್ ಒಲೆಯಲ್ಲಿ ಚಿಕ್ಕದೊಂದು, ದೊಡ್ಡದೊಂದು ಬರ್ನರ್ ಇರುವುದನ್ನು ನೀವು ನೋಡಿದ್ದೀರಿ. ಕಾಫಿ ಕಾಯಿಸುವ ಪುಟ್ಟ ಪಾತ್ರೆಯನ್ನು ದೊಡ್ಡ ಉರಿಯ ಮೇಲಿಟ್ಟರೆ ಜ್ವಾಲೆ ಪಕ್ಕಕ್ಕೆ ಚಾಚಿ ಹಿಡಿಕೆಯನ್ನು ಸುಡುತ್ತದೆ, ಗ್ಯಾಸೂ ದಂಡ. ಕಾರ್ಖಾನೆಗಳಲ್ಲೂ ಇದೇ ಸಮಸ್ಯೆ. ಅಲ್ಲಿ ಬರ್ನರ್ ಒಲೆಗೆ ಹೊಂದದಿದ್ದರೆ ನಷ್ಟವಾಗುವುದು ಹಣವಷ್ಟೇ ಅಲ್ಲ, ಕೆಲವೊಮ್ಮೆ ಪ್ರಾಣವೂ ಹೌದು.

ಹಾಗಾದರೆ ಬರ್ನರ್ ಎಂದರೇನು? ಇಂಧನ ಮತ್ತು ಗಾಳಿಯನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ಬೇಕಾದ ಆಕಾರದ ಜ್ವಾಲೆಯನ್ನು ಬೇಕಾದೆಡೆ ನಿಲ್ಲಿಸುವ ಸಾಧನ. ಶಾಲೆಯ ಪ್ರಯೋಗಾಲಯದ ಬುನ್ಸೆನ್ ಬರ್ನರನ್ನು ನೆನಪಿಸಿಕೊಳ್ಳಿ. ಗಾಳಿಯ ರಂಧ್ರ ಮುಚ್ಚಿದರೆ ಹಳದಿ ಜ್ವಾಲೆ, ತೆರೆದರೆ ನೀಲಿ ಜ್ವಾಲೆ. ಇಂಧನ ಅದೇ, ಉರಿ ಮಾತ್ರ ಬೇರೆ.

ಈಗ ಬಾಯ್ಲರ್ ನೋಡೋಣ. ಹಲವು ಬಾಯ್ಲರುಗಳಲ್ಲಿ ಬೆಂಕಿ ಉಕ್ಕಿನ ಕೊಳವೆಯೊಳಗೆ ಉರಿಯುತ್ತದೆ, ಸುತ್ತ ನೀರಿರುತ್ತದೆ. ಜ್ವಾಲೆ ಆ ಕೊಳವೆಗಿಂತ ಅಗಲವಾಗಿದ್ದರೆ ತಣ್ಣನೆಯ ಗೋಡೆಗೆ ತಾಗಿ ಅರ್ಧಕ್ಕೇ ಆರುತ್ತದೆ. ಪೂರ್ತಿ ಉರಿಯದ ಇಂಗಾಲ ಮಸಿಯಾಗಿ ಗೋಡೆಗೆ ಅಂಟಿ, ಶಾಖ ನೀರಿಗೆ ದಾಟದಂತೆ ತಡೆಯುತ್ತದೆ. ಆದ್ದರಿಂದ ಇಲ್ಲಿ ಕೊಳವೆಯ ಅಳತೆಯೊಳಗೇ ಉರಿದು ಮುಗಿಯುವ ಜ್ವಾಲೆ ಬೇಕು.

ಸಿಮೆಂಟ್ ಗೂಡಿನ ಲೆಕ್ಕ ಬೇರೆ. ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಸುಣ್ಣದಕಲ್ಲಿನ ಮಿಶ್ರಣ ಸುತ್ತುವ ಉದ್ದನೆಯ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಅಲ್ಲಿ ಗೂಡಿನ ನಡುವೆ ನೇರವಾಗಿ ಚಾಚುವ ನೀಳ ಜ್ವಾಲೆ ಬೇಕು. ಅದು ಓರೆಯಾಗಿ ಒಳಗಿನ ಇಟ್ಟಿಗೆಗೆ ಬಡಿದರೆ ಇಟ್ಟಿಗೆ ಸವೆದು ಹೊರಗಿನ ಉಕ್ಕೇ ಕೆಂಪಗಾಗುತ್ತದೆ.

ಹಳದಿ ಜ್ವಾಲೆ ಯಾವಾಗಲೂ ಕೆಟ್ಟದ್ದೇ? ಇಲ್ಲ. ಗಾಜಿನ ಕುಲುಮೆಯಲ್ಲಿ ಅದೇ ಉಪಯುಕ್ತ. ಅದರಲ್ಲಿ ಹೊಳೆಯುವ ಇಂಗಾಲದ ಕಣಗಳು ಕೆಳಗಿನ ಗಾಜಿನ ಮೇಲೆ ಶಾಖವನ್ನು ಚೆನ್ನಾಗಿ ಸೂಸುತ್ತವೆ. ಆ ಕಣಗಳು ಕುಲುಮೆಯೊಳಗೇ ಉರಿದು ಮುಗಿದರೆ ಸಾಕು.

ಇನ್ನು ಇಂಧನದ ಮಾತು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಬಹುಪಾಲು ಮೀಥೇನ್. ಸಿಲಿಂಡರಿನಲ್ಲಿರುವುದು ಪ್ರೋಪೇನ್ ಮತ್ತು ಬ್ಯೂಟೇನ್. ಒಂದು ಅಣು ಮೀಥೇನ್ ಉರಿಯಲು 2 ಅಣು ಆಮ್ಲಜನಕ ಬೇಕು, ಪ್ರೋಪೇನಿಗೆ 5. ಗಾಳಿಯಲ್ಲಿ ಆಮ್ಲಜನಕ ಐದರಲ್ಲೊಂದು ಪಾಲು. ಅಂದರೆ ಮೀಥೇನಿಗೆ ಅದರ ಗಾತ್ರದ ಸುಮಾರು 10 ಪಟ್ಟು ಗಾಳಿ ಬೇಕು, ಪ್ರೋಪೇನಿಗೆ ಸುಮಾರು 24 ಪಟ್ಟು. ಅಷ್ಟೇ ಗಾತ್ರದ ಮೀಥೇನ್ ಕೊಡುವ ಶಾಖವೂ ಪ್ರೋಪೇನಿನ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ನೈಸರ್ಗಿಕ ಅನಿಲಕ್ಕೆ ಜೆಟ್‌ನ ರಂಧ್ರ ದೊಡ್ಡದಿರಬೇಕು. ಅದೇ ದೊಡ್ಡ ರಂಧ್ರಕ್ಕೆ ಸಿಲಿಂಡರಿನ ಗ್ಯಾಸ್ ಬಿಟ್ಟರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಕೊಲ್ಲಬಲ್ಲದು.

ಆದ್ದರಿಂದ ಪೋಷಕರೇ, ಮನೆಗೆ ಕೊಳವೆ ಗ್ಯಾಸ್ ಬಂದಾಗ ಒಲೆಯ ಜೆಟ್‌ಗಳನ್ನು ತರಬೇತಾದ ತಂತ್ರಜ್ಞರಿಂದಲೇ ಬದಲಿಸಿ. ಮತ್ತೆ ಸಿಲಿಂಡರಿಗೆ ಮರಳಿದರೂ ಅಷ್ಟೆ. ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಒಲೆಯನ್ನು ಕೂಡಲೇ ಪರೀಕ್ಷಿಸಿ. ವಿದ್ಯಾರ್ಥಿಗಳೇ, ನೀವು ಮುಂದೆ ಕಾರ್ಖಾನೆ ಸೇರಿದರೆ ಬರ್ನರ್ ಆರಿಸುವ ಮುನ್ನ ಮೂರು ಪ್ರಶ್ನೆ ಕೇಳಿ: ಯಾವ ಇಂಧನ? ಎಷ್ಟು ಗಾಳಿ? ಜ್ವಾಲೆಗೆ ಎಷ್ಟು ಜಾಗ? ಎಷ್ಟು ಶಾಖ ಎಂಬ ಲೆಕ್ಕ ಇವುಗಳ ಜೊತೆಗೇ ಸಾಗಬೇಕು.